ಎರಡು ಮೆಚ್ಚುಗೆ, ಒಂದು ಸಲಹೆ

ತಮಗೆ ಪಾಠ ಮಾಡಲು ಬರುವುದಿಲ್ಲ ಎಂಬ ಸಂಗತಿ 'ಆದ್ದರಿಂದ' ಮೇಷ್ಟ್ರಿಗೆ ಗೊತ್ತಾದದ್ದು ಅವರ ಐವತ್ತೇಳನೆಯ ವಯಸ್ಸಿನಲ್ಲಿ, ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ನೋಟೀಸ್ ಬೋರ್ಡಿನ ಮುಂದೆ.

ಆದ್ದರಿಂದ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ವಿಶ್ವವಿದ್ಯಾಲಯದಲ್ಲಿ ಇಪ್ಪತ್ತೆಂಟು ವರ್ಷಗಳಿಂದ ತರ್ಕಶಾಸ್ತ್ರ ಹೇಳುತ್ತಾ ಬಂದಿದ್ದ ಅವರು ಪ್ರತಿ ಸಲವೂ ಎರಡು ವಾಕ್ಯ ಹೇಳಿ, ಮೂರನೆಯದಕ್ಕೆ ಮೊದಲು ಕನ್ನಡಕ ತೆಗೆದು, 'ಆ...ದ್ದ...ರಿಂದ' ಎಂದು ಎಳೆಯುತ್ತಿದ್ದರು. ಮಕ್ಕಳು ಅದನ್ನೇ ಹೆಸರು ಮಾಡಿ ಅಂಟಿಸಿದರು. ತರಗತಿಯಲ್ಲಿ ಆ ಮಾತಿಗೆ ಎಂಬತ್ನಾಲ್ಕು ತಲೆಗಳು ಪುಸ್ತಕದಿಂದ ಮೇಲೇಳುತ್ತಿದ್ದವು. ಮನೆಯಲ್ಲಿ ಮಾತ್ರ ಅದನ್ನು ಬಳಸುವ ಸಂದರ್ಭವೇ ಬರುತ್ತಿರಲಿಲ್ಲ. (ಅವರು ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಹೆಂಡತಿ ತೀರ್ಮಾನ ಕೊಟ್ಟು ಅಡುಗೆಮನೆಗೆ ಹೋಗಿಯಾಗಿರುತ್ತಿತ್ತು.)

ನೋಟೀಸಿನ ಸಾರಾಂಶ ಇಷ್ಟೇ. ಇನ್ನು ಮುಂದೆ ಅರ್ಧ ಪಾಠ ತರಗತಿಯಲ್ಲಿ, ಅರ್ಧ ಪಾಠ ಆನ್‌ಲೈನ್‌ನಲ್ಲಿ. ಆನ್‌ಲೈನ್ ಪಾಠ ಬಲ್ಲ ಅಧ್ಯಾಪಕರು ಬಾರದ ಅಧ್ಯಾಪಕರಿಗೆ ಮೂರು ವಾರ ತರಬೇತಿ ಕೊಡಬೇಕು. ಕೊನೆಗೆ ಸಹೋದ್ಯೋಗಿಗಳನ್ನೇ ವಿದ್ಯಾರ್ಥಿಗಳಾಗಿ ಕೂರಿಸಿಕೊಂಡು ನಲವತ್ತು ನಿಮಿಷದ ಪಾಠ ಮಾಡಿ ತೋರಿಸಬೇಕು. ತರಬೇತಿ ಕೊಟ್ಟವರು ಸಹಿ ಹಾಕಿದರೆ ಸರಿ, ಹಾಕದಿದ್ದರೆ ಆ ಪಾಠ ವಿಭಾಗದ ಇನ್ನೊಬ್ಬರ ಪಾಲಾಗುತ್ತದೆ. ಕೆಳಗೆ ಪಟ್ಟಿ. ಎಡಗಡೆ ಬಾರದವರು, ಬಲಗಡೆ ಬಲ್ಲವರು.

ಎಡಗಡೆ ತಮ್ಮ ಹೆಸರು ನೋಡಿ ಮೇಷ್ಟ್ರಿಗೆ ಎದೆ ಧಸಕ್ಕೆಂದಿತು. ಅದಕ್ಕೆ ನೇರವಾಗಿ ಬಲಗಡೆ ನೋಡಿದಾಗ ಆ ಎದೆ ಇನ್ನೂ ಕೆಳಗಿಳಿಯಿತು. ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಹೆಸರು ಬದಲಾಗಲಿಲ್ಲ. ಅದು ಸಸ್ಯಶಾಸ್ತ್ರ ವಿಭಾಗದ ಮೇಡಂ ಅವರ ಹೆಸರು. ಅಂದರೆ ಸಾಕ್ಷಾತ್ ಅವರ ಹೆಂಡತಿಯದು.

"ಒಳ್ಳೇದಾಯ್ತಲ್ಲ ಸಾರ್, ಮನೇಲೇ ಮುಗಿದುಹೋಗುತ್ತೆ," ಎಂದು ಪಕ್ಕದಿಂದ ಒಂದು ದನಿ ಬಂತು. ಅವರದೇ ವಿಭಾಗದ ಗಡ್ಡದ ಲೆಕ್ಚರರ್. ಮೇಷ್ಟ್ರು ಅವರನ್ನು ಮೇಲಿಂದ ಕೆಳಗೆ ನೋಡಿದರು. ತರ್ಕ ಹೇಳಬಲ್ಲವರು ವಿಭಾಗದಲ್ಲಿ ಇಬ್ಬರೇ ಇಬ್ಬರು. ತಾವು ಹೋದರೆ ಗಡ್ಡ. ಮೊದಲ ವರ್ಷದ ತರ್ಕದ ಮೇಲೆ ಈ ಮನುಷ್ಯನಿಗೆ ಕಣ್ಣಿದೆ ಎಂಬ ಅನುಮಾನ ಅವರಿಗೆ ಆರು ವರ್ಷಗಳಿಂದ ಇತ್ತು. ಆ ಭಯಕ್ಕೇ ಪಾಠದ ಟಿಪ್ಪಣಿಗಳನ್ನು ಮನೆಯ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಜ್ವರ ಬಂದರೂ ರಜೆ ಹಾಕುತ್ತಿರಲಿಲ್ಲ.

ಆ ಪಾಠವೆಂದರೆ ಅವರಿಗೆ ಪ್ರಾಣ. ವರ್ಷದ ಮೊದಲ ದಿನ ಅವರು ನೀರು ತೊಟ್ಟಿಕ್ಕುವ ಛತ್ರಿ ಹಿಡಿದು ತರಗತಿಗೆ ಬರುತ್ತಿದ್ದರು. ಅದನ್ನು ಮೇಜಿಗೆ ಒರಗಿಸಿ, "ಹೊರಗೆ ಏನಾಗ್ತಿದೆ?" ಎಂದು ಕೇಳುತ್ತಿದ್ದರು. "ಮಳೆ!" ಎಂದು ಎಂಬತ್ನಾಲ್ಕು ಮಂದಿ ಕೂಗುತ್ತಿದ್ದರು. ಆಗ ಮೇಷ್ಟ್ರು ಕಿಟಕಿ ತೆರೆಯುವರು. ಹೊರಗೆ ಸುಡುಬಿಸಿಲು. "ಛತ್ರಿ ಒದ್ದೆಯಾಗಿತ್ತು, ನೀವು ಮಳೆ ಅಂದಿರಿ. ನಾನು ನಲ್ಲಿ ಕೆಳಗೆ ಹಿಡಿದೆ. ಆದ್ದರಿಂದ...!" ಅಲ್ಲಿಗೆ ತರ್ಕಶಾಸ್ತ್ರ ಶುರು. ಆ ಒಂದು ಕ್ಷಣದಲ್ಲಿ ಬಾಯಿ ಬಿಟ್ಟುಕೊಂಡು ಕೂರುವ ಆ ಮುಖಗಳನ್ನು ನೋಡಲೆಂದೇ ಅವರು ವರ್ಷವಿಡೀ ಕಾಯುತ್ತಿದ್ದರು. ಅದು ಕೈತಪ್ಪಿ ಹೋಗುವುದನ್ನು ಅವರಿಂದ ನೆನೆಸಿಕೊಳ್ಳಲೂ ಆಗಲಿಲ್ಲ.

ಸಂಜೆ ಮನೆಯಲ್ಲಿ ವಾಗ್ವಾದಕ್ಕೆ ಇಳಿದರು.

"ಇದು ಅನ್ಯಾಯ ಕಣೇ."

"ಯಾವುದು?"

"ನೀನು ನಂಗೆ ಕಲಿಸೋದು."

"ಇಪ್ಪತ್ತಾರು ವರ್ಷದಿಂದ ಕಲಿಸ್ತಾನೇ ಇದೀನಲ್ರೀ. ಈಗ ಸರ್ಟಿಫಿಕೇಟು ಕೊಡ್ತಾರೆ, ಅಷ್ಟೇ ವ್ಯತ್ಯಾಸ."

"ಆಗಲೇ ಕೊಡಿಸಿದ್ರೆ ಚೆನ್ನಾಗಿತ್ತು," ಎಂದರು ಸೋಫಾದ ಮೂಲೆಯಲ್ಲಿ ಕೂತಿದ್ದ ಅಮ್ಮ. ಎಂಬತ್ತೊಂದು ವರ್ಷದ ಈ ತಾಯಿ ಮಗ ಸೊಸೆಯರ ಜಗಳದಲ್ಲಿ ಯಾರ ಪಕ್ಷವನ್ನೂ ವಹಿಸುವುದಿಲ್ಲ. ನ್ಯಾಯ ಎಲ್ಲಿದೆಯೋ ಅಲ್ಲಿರುತ್ತಾರೆ. ಅದು ಯಾವಾಗಲೂ ಸೊಸೆಯ ಕಡೆಯೇ ಇರುವುದು ಅವರ ತಪ್ಪಲ್ಲ.

ಮೇಷ್ಟ್ರು ದನಿ ತಗ್ಗಿಸಿದರು. "ಹೋಗ್ಲಿ ಬಿಡು, ಸುಮ್ನೆ ಒಂದು ಸಹಿ ಹಾಕಿಬಿಡು. ಗಂಡನ ಸಾಮರ್ಥ್ಯದ ಬಗ್ಗೆ ನಿಂಗೇನಾದ್ರೂ ಅನುಮಾನ ಇದ್ಯಾ?"

"ಅನುಮಾನ ಇಲ್ಲ ರೀ, ಖಾತ್ರಿ ಇದೆ. ಅದಕ್ಕೇ ಹಾಕಲ್ಲ."

ತರಬೇತಿಯನ್ನು ಆನ್‌ಲೈನ್‌ನಲ್ಲೇ ಮಾಡಬೇಕೆಂದು ನಿಯಮವಿತ್ತು. ಹಾಗಾಗಿ ಮೇಡಂ ಮಲಗುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತರು. ಮೇಷ್ಟ್ರು ಊಟದ ಮೇಜಿನ ಮುಂದೆ ಕೂತರು. ನಡುವೆ ಒಂದು ಗೋಡೆ, ಹನ್ನೆರಡು ಹೆಜ್ಜೆ. ಕೈಪಿಡಿಯಲ್ಲಿ ಇನ್ನೊಂದು ನಿಯಮವೂ ಇತ್ತು. ಸಹೋದ್ಯೋಗಿಯನ್ನು ತಿದ್ದುವ ಮೊದಲು ಎರಡು ಮೆಚ್ಚುಗೆ ಹೇಳಬೇಕು, ಆಮೇಲೆ ಒಂದು ಸಲಹೆ. ಅದರ ಲೆಕ್ಕ ತಪ್ಪುವಂತಿಲ್ಲ.

ಮೊದಲ ದಿನ ಲ್ಯಾಪ್‌ಟಾಪಿನ ಪರದೆಯಲ್ಲಿ ಮೇಡಂ ಕಾಣಿಸಿಕೊಂಡು ಒಂದು ನಿಮಿಷ ಸುಮ್ಮನೆ ಗಂಡನನ್ನು ನೋಡಿದರು. ಏನೋ ಹುಡುಕುತ್ತಿರುವಂತಿತ್ತು.

"ಮೊದಲನೇ ಮೆಚ್ಚುಗೆ. ನಿಮ್ಮ ಅಂಗಿ ಇಸ್ತ್ರಿ ಚೆನ್ನಾಗಿದೆ." (ಇಸ್ತ್ರಿ ಮಾಡಿದವರು ಮೇಡಂ ಅವರೇ.) "ಎರಡನೇದು... ನಿಮ್ಮ ಹಿಂದಿರೋ ಕಿಟಕಿ ಪರದೆ ಚೆನ್ನಾಗಿದೆ. ಈಗ ಸಲಹೆ. ಕ್ಯಾಮೆರಾ ಮೇಲ್ಗಡೆ ಇದೆ. ನೀವು ಕೀಬೋರ್ಡ್ ಜೊತೆ ಮಾತಾಡ್ತಿದೀರಿ."

ಮೇಷ್ಟ್ರಿಗೆ ಸಲಹೆ ಕಿವಿಗೇ ಬೀಳಲಿಲ್ಲ. ಒಂದೇ ದಿನ ಎರಡು ಮೆಚ್ಚುಗೆ! ಮದುವೆಯ ವಾರದಲ್ಲಿ ಕೂಡ ಇಂಥದ್ದು ನಡೆದ ನೆನಪಿರಲಿಲ್ಲ. ಡೈರಿ ತೆಗೆದು ದಿನಾಂಕದ ಸಮೇತ ಬರೆದಿಟ್ಟರು. ಎರಡನೆಯ ವಾರದ ಹೊತ್ತಿಗೆ ಅದು ಚಟವಾಗಿತ್ತು. ಹತ್ತು ನಿಮಿಷ ಮೊದಲೇ ತಲೆ ಬಾಚಿ, ಮುಖ ತೊಳೆದು ಪರದೆಯ ಮುಂದೆ ಕೂರುತ್ತಿದ್ದರು. ಆ ಕಡೆ ತರಬೇತಿ ಮುಗಿದು ಮಲಗುವ ಕೋಣೆಯ ಬಾಗಿಲು ತೆರೆದುಕೊಂಡರೆ ಮಾತ್ರ ಎಲ್ಲ ಯಥಾಪ್ರಕಾರ.

"ಏನ್ರೀ ಇದು, ಮತ್ತೆ ಒದ್ದೆ ಟವಲ್ ಹಾಸಿಗೆ ಮೇಲೆ?"

"ಎರಡು ಮೆಚ್ಚುಗೆ ಎಲ್ಲಿ?"

"ತರಬೇತಿ ಮುಗೀತು."

ಮೂರನೆಯ ವಾರ ಅನಾಹುತವಾಯಿತು. ಛತ್ರಿಯ ಪಾಠವನ್ನು ಪರದೆಯಲ್ಲಿ ಹೇಗೆ ಮಾಡುವುದೆಂದು ಅಭ್ಯಾಸ ಮಾಡುತ್ತಿದ್ದ ಮೇಷ್ಟ್ರು, ನೀರು ತೊಟ್ಟಿಕ್ಕುವುದು ಚೆನ್ನಾಗಿ ಕಾಣಲೆಂದು ಛತ್ರಿಯನ್ನು ಕ್ಯಾಮೆರಾದ ಹತ್ತಿರ ತಂದು ಒಮ್ಮೆ ಕೊಡವಿದರು. ಲ್ಯಾಪ್‌ಟಾಪು 'ಚುಂಯ್' ಎಂದು ಒಂದೇ ಒಂದು ಮಾತಾಡಿ ಕಣ್ಣು ಮುಚ್ಚಿತು.

"ಇದೇನೋ, ಒಳಗೇ ಮಳೆ ಬಂತಾ?" ಎಂದರು ಅಮ್ಮ.

ಪಾಠ ತೋರಿಸುವ ದಿನ ಶುಕ್ರವಾರ, ಮಧ್ಯಾಹ್ನ ಎರಡು ಗಂಟೆ. ಅದೇ ಹೊತ್ತಿಗೆ ಮೇಡಂಗೆ ಲ್ಯಾಬಿನಲ್ಲಿ ಪ್ರಾಯೋಗಿಕ ಪರೀಕ್ಷೆ ನಡೆಸುವ ಕೆಲಸವಿತ್ತು. ಬೇರೆ ದಾರಿಯಿಲ್ಲದೆ ತಮ್ಮ ಲ್ಯಾಪ್‌ಟಾಪನ್ನೇ ತೆರೆದು ಮೇಜಿನ ಮೇಲಿಟ್ಟರು.

"ನೋಡಿ, ರೆಕಾರ್ಡಿಂಗ್ ಹಾಕಿದೀನಿ. ನೀವು ಎಲ್ಲೆಲ್ಲಿ ಹೋಗ್ತೀರೋ ಅದೂ ಅಲ್ಲಲ್ಲೇ ಬರುತ್ತೆ. ಸಂಜೆ ಪೂರ್ತಿ ನೋಡಿ ಆಮೇಲೆ ಸಹಿ ವಿಚಾರ. ಛತ್ರಿ ಎರಡು ಮಾರು ದೂರ ಇರಲಿ. ಗುಂಪು ಮಾಡಿ ಕಳಿಸಿದ ಮೇಲೆ ಒಂದೊಂದೇ ಗುಂಪಿಗೆ ಹೋಗಿ. ಹೋಗುವಾಗ ಕ್ಯಾಮೆರಾ ಆರಿಸಿ, ಮೈಕ್ ಆರಿಸಿ, ಸುಮ್ನೆ ಕೇಳಿಸ್ಕೊಳ್ಳಿ. ಮೇಷ್ಟ್ರು ಬಂದ್ರು ಅಂತ ಮಕ್ಕಳು ಹೆದರಬಾರದು."

ಚಪ್ಪಲಿ ಮೆಟ್ಟುತ್ತಾ ಅವರು ಇನ್ನೊಂದು ಮಾತನ್ನೂ ಹೇಳಿದರು. ಲ್ಯಾಪ್‌ಟಾಪಿನಲ್ಲಿ ತಮ್ಮ ಹೆಸರೇ ಇದೆ, ಅದನ್ನು ಬದಲಾಯಿಸಿಕೊಳ್ಳಿ ಎಂದು. ಅಷ್ಟರಲ್ಲಿ ಮೇಷ್ಟ್ರು ಬಚ್ಚಲಿನಲ್ಲಿ ನಲ್ಲಿಯನ್ನು ಪೂರ್ತಿ ತಿರುಗಿಸಿ ಅದರ ಕೆಳಗೆ ಛತ್ರಿ ಹಿಡಿದಿದ್ದರು. ನೀರಿನ ಸದ್ದಿನಲ್ಲಿ ಅವರಿಗೆ ಬಾಗಿಲು ಹಾಕಿದ್ದೂ ಕೇಳಲಿಲ್ಲ.

ಎರಡು ಗಂಟೆಗೆ ಹದಿನಾರು ಮಂದಿ ಸಹೋದ್ಯೋಗಿಗಳು ವಿದ್ಯಾರ್ಥಿಗಳಾಗಿ ಬಂದು ಕೂತರು. ಕೂತರು ಎನ್ನುವುದು ಗೌರವಕ್ಕೆ. ಮೂವರು ತಡವಾಗಿ ಬಂದರು. ಒಬ್ಬರ ಮನೆಯ ಛಾವಣಿ ಮಾತ್ರ ಕಾಣುತ್ತಿತ್ತು. ಅರ್ಥಶಾಸ್ತ್ರದ ಪ್ರೊಫೆಸರು ಕ್ಯಾಮೆರಾ ಆರಿಸಿ ಗೊರಕೆಯನ್ನು ಆರಿಸಲು ಮರೆತಿದ್ದರು. ಹಾಜರಿ ಕೂಗಿದಾಗ ಅವರ ಹೆಸರಿಗೆ ಗಣಿತದವರು 'ಪ್ರೆಸೆಂಟ್ ಸಾರ್' ಎಂದುಬಿಟ್ಟರು. ಇಪ್ಪತ್ತೆಂಟು ವರ್ಷದಲ್ಲಿ ಇಂಥ ತುಂಟ ತರಗತಿಯನ್ನು ಮೇಷ್ಟ್ರು ಕಂಡಿರಲಿಲ್ಲ.

ಆದರೂ ಛತ್ರಿ ಕೈಬಿಡಲಿಲ್ಲ. ಎರಡು ಮಾರು ದೂರ ನಿಂತು ಅವರು ಅದನ್ನು ಎತ್ತಿ ಹಿಡಿದಾಗ ಹನಿಗಳು ತಟತಟನೆ ಬಿದ್ದವು. "ಹೊರಗೆ ಏನಾಗ್ತಿದೆ?" ಎಂದರು. ತಮ್ಮ ತಮ್ಮ ಮನೆಯ ಕಿಟಕಿಯಲ್ಲಿ ಫಳಫಳ ಬಿಸಿಲು ಇಟ್ಟುಕೊಂಡೇ ಎಚ್ಚರವಿದ್ದ ಹದಿನೈದು ಮಂದಿ ವಿದ್ವಾಂಸರು "ಮಳೆ!" ಎಂದರು. ಮೇಷ್ಟ್ರು ಕನ್ನಡಕ ತೆಗೆದರು. "ನಲ್ಲಿ!" ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು, ಅರ್ಥಶಾಸ್ತ್ರಕ್ಕೂ ಎಚ್ಚರವಾಯಿತು. ಅದೇ ಮುಖಗಳು, ಅದೇ ಬಿಟ್ಟ ಬಾಯಿಗಳು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನೋಡಿದರು.

"ಕಂಡದ್ದನ್ನು ನೋಡಿ ಕಾಣದ್ದನ್ನು ಊಹಿಸಿ ಮೋಸ ಹೋಗೋದಕ್ಕೆ ಇನ್ನೊಂದು ಉದಾಹರಣೆ ಹುಡುಕಿ," ಎಂದು ಅವರನ್ನು ನಾಲ್ಕು ಗುಂಪು ಮಾಡಿ ಪರದೆಯೊಳಗಿನ ನಾಲ್ಕು ಕೊಠಡಿಗಳಿಗೆ ಕಳಿಸಿದರು. ಗುಂಡಿ ಒಂದೂ ತಪ್ಪಲಿಲ್ಲ. ಕ್ಯಾಮೆರಾ ಆರಿಸಿದರು, ಮೈಕ್ ಆರಿಸಿದರು, ಕಳ್ಳಹೆಜ್ಜೆಯಲ್ಲಿ ಮೊದಲ ಕೊಠಡಿಗೆ ಹೋದರು.

"ಓ, ಮೇಡಂ ಬಂದ್ರು! ಬನ್ನಿ ಮೇಡಂ, ಬನ್ನಿ," ಎಂದರು ಅರ್ಥಶಾಸ್ತ್ರದವರು.

ಮೇಷ್ಟ್ರು ಬೆಚ್ಚಿ ಹಿಂದೆ ತಿರುಗಿ ನೋಡಿದರು. ಹೆಂಡತಿ ಬಂದಿರಲಿಲ್ಲ. ಸೋಫಾದಲ್ಲಿ ಅಮ್ಮ ಇದ್ದರು. ಮತ್ತೆ ಪರದೆ ನೋಡಿದಾಗ ಮೂಲೆಯ ಚೌಕದಲ್ಲಿ ತಮ್ಮ ಮುಖವಿರಬೇಕಾದ ಜಾಗದಲ್ಲಿ ಒಂದು ಹಸಿರು ಎಲೆಯ ಚಿತ್ರ, ಅದರ ಕೆಳಗೆ ಹೆಂಡತಿಯ ಹೆಸರು ಕಂಡಿತು. 'ನಾನು ಕಣ್ರೀ' ಎಂದು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅದೇ ಗುಂಪಿನಲ್ಲಿದ್ದ ಗಡ್ಡದವರು ಕೈ ಮುಗಿದರು.

"ಮೇಡಂ, ಸಾರ್ ಇಲ್ಲ ಅಂತ ಧೈರ್ಯ ಮಾಡಿ ಕೇಳ್ತೀನಿ. ದಯವಿಟ್ಟು ಸಹಿ ಹಾಕಿಬಿಡಿ."

ಮೇಷ್ಟ್ರ ಮನಸ್ಸು ಕರಗಿತು. ಎಂಥ ದೊಡ್ಡ ಗುಣ! ಆರು ವರ್ಷ ಈ ಪುಣ್ಯಾತ್ಮನ ಮೇಲೆ ಸುಮ್ಮನೆ ಅನುಮಾನಪಟ್ಟೆನಲ್ಲ!

"ನೀವು ಹಾಕದಿದ್ರೆ ಆ ಮೊದಲ ವರ್ಷ ನನ್ನ ತಲೆಗೆ ಕಟ್ತಾರೆ. ಎಂಬತ್ನಾಲ್ಕು ಮಕ್ಕಳು, ಬೆಳಿಗ್ಗೆ ಎಂಟು ಗಂಟೆ ಕ್ಲಾಸು. ಯಾರಿಗೆ ಬೇಕು ಮೇಡಂ ಆ ಗೋಳು?"

"ಇಪ್ಪತ್ತೆಂಟು ವರ್ಷದಿಂದ ಅದು ಅವರ ಹತ್ರಾನೇ ಯಾಕಿದೆ ಅಂದ್ಕೊಂಡ್ರಿ?" ಎಂದರು ಅರ್ಥಶಾಸ್ತ್ರದವರು. "ಯಾರೂ ಕೇಳಿಲ್ಲ, ಅದಕ್ಕೆ! ಪಾಪ, ಅವರು ನೋಟ್ಸನ್ನ ಬೀರುವಲ್ಲಿಟ್ಟು ಬೀಗ ಹಾಕ್ತಾರೆ."

ನಾಲ್ವರೂ ನಕ್ಕರು. ಮೇಷ್ಟ್ರು ಕುರ್ಚಿಯ ಕೈ ಹಿಡಿದುಕೊಂಡರು. ಜಗತ್ತೆಲ್ಲ ಕಿತ್ತುಕೊಳ್ಳಲು ಹೊಂಚು ಹಾಕುತ್ತಿದೆ ಎಂದು ತಾವು ಇಪ್ಪತ್ತೆಂಟು ವರ್ಷ ಕಾವಲು ಕಾದದ್ದು ಯಾರಿಗೂ ಬೇಡವಾದ ವಸ್ತುವನ್ನೇ? ಸದ್ದಿಲ್ಲದೆ ಎರಡನೆಯ ಕೊಠಡಿಗೆ ಜಾರಿಕೊಂಡರು.

ಅಲ್ಲಿ ಹೆಂಡತಿಯ ವಿಭಾಗದ ಗೆಳತಿ ಇದ್ದರು. "ಏನೇ, ಪರೀಕ್ಷೆ ಬೇಗ ಮುಗೀತಾ? ನಿಮ್ಮವರು ಇವತ್ತು ಚೆನ್ನಾಗೇ ಮಾಡ್ತಿದಾರೆ ಕಣೇ. ದಿನಾ ಎರಡು ಮೆಚ್ಚುಗೆ ಎಲ್ಲಿಂದ ತರಲಿ ಅಂತ ಒದ್ದಾಡ್ತಿದ್ಯಲ್ಲ, ಇವತ್ತು ತಾನಾಗೇ ಸಿಗುತ್ತೆ ಬಿಡು. ಏನೂ ಸಿಗದೆ ಕಿಟಕಿ ಪರದೆ ಹೊಗಳಿದೆ ಅಂದ್ಯಲ್ಲ, ಸ್ಟಾಫ್ ರೂಮಲ್ಲಿ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯ್ತು!"

ಮೇಷ್ಟ್ರ ಕಣ್ಣು ಮೇಜಿನ ಮೇಲಿದ್ದ ಡೈರಿಯ ಕಡೆ ಹೋಯಿತು. ದಿನಾಂಕದ ಸಮೇತ! ಅದನ್ನು ಮುಚ್ಚಿ ಪಕ್ಕಕ್ಕೆ ತಳ್ಳಿದರು. ಇಲ್ಲಿ ಸುಮ್ಮನಿದ್ದು ಬಿಟ್ಟಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಆದರೆ ಪ್ರತಿವಾದ ಹೂಡದೆ ಸೋಲೊಪ್ಪುವುದು ಅವರ ಶಾಸ್ತ್ರದಲ್ಲಿ ಇರಲಿಲ್ಲ. ಮಾತಾಡಿದರೆ ದನಿ ಗುರುತು ಸಿಗುತ್ತದೆ. ಎರಡು ಬೆರಳಿನಲ್ಲಿ ಟೈಪ್ ಮಾಡತೊಡಗಿದರು. ಹೆಂಡತಿಯ ಹೆಸರಿನ ಮುಂದೆ ಅಕ್ಷರಗಳು ಮೂಡಿದವು:

'ಹಾಗೆಲ್ಲ ಹೇಳಬೇಡಿ. ನಮ್ಮವರ ವಿದ್ವತ್ತಿನ ಮುಂದೆ ನಾನು ಏನೇನೂ ಅಲ್ಲ. ಮನೆಯಲ್ಲಿ ಅವರು ಹೇಳಿದ್ದೇ ಕೊನೆಯ ಮಾತು. ಟವಲ್ಲಿನ ವಿಷಯದಲ್ಲಿಯೂ ತಪ್ಪು ನನ್ನದೇ.'

ಗೆಳತಿಯ ಮುಖ ಬಿಳಿಚಿಕೊಂಡಿತು. "ಇವಳಿಗೆ ಏನೋ ಆಗಿದೆ ಕಣ್ರೀ," ಎಂದು ಫೋನ್ ಎತ್ತಿ ಸ್ಪೀಕರಿಗೆ ಹಾಕಿದರು. ಮೇಷ್ಟ್ರಿಗೆ ಏನಾಗುತ್ತಿದೆ ಎಂದು ಹೊಳೆಯುವ ಮೊದಲೇ, ಗೆಳತಿಯ ಫೋನಿನಿಂದ, ಲ್ಯಾಪ್‌ಟಾಪಿನ ಮೂಲಕ, ಇಪ್ಪತ್ತಾರು ವರ್ಷಗಳಿಂದ ಪರಿಚಯವಿದ್ದ ಒಂದು ದನಿ ಊಟದ ಮೇಜಿನ ಮೇಲೆ ಮೊಳಗಿತು.

"ಹಲೋ? ಬೇಗ ಹೇಳೇ, ಲ್ಯಾಬಲ್ಲಿದೀನಿ."

"ಲ್ಯಾಬಲ್ಲಾ? ಹಾಗಾದ್ರೆ ಇಲ್ಲಿ ನಿನ್ನ ಹೆಸರಲ್ಲಿ ಯಾರೇ ಇರೋದು? ಟವಲ್ ವಿಷಯದಲ್ಲಿ ತಪ್ಪು ನಂದೇ ಅಂತ ಬರೀತಿದಾರೆ!"

ಆ ಕಡೆಯಿಂದ ನಿಧಾನವಾಗಿ, "ಟ...ವ...ಲ್ಲಾ?"

ಮೇಷ್ಟ್ರು ಕೊಠಡಿಯಿಂದ ಹೊರಗೆ ಓಡಲು ಕೈಗೆ ಸಿಕ್ಕ ಕೆಂಪು ಗುಂಡಿ ಒತ್ತಿದರು. ಅದು ಹೊರಗೆ ಹೋಗುವ ಗುಂಡಿಯಲ್ಲ, ಎಲ್ಲರನ್ನೂ ಹೊರಗೆ ಹಾಕಿ ತರಗತಿಗೆ ಬೀಗ ಜಡಿಯುವ ಗುಂಡಿ. ಪರದೆ ಕಪ್ಪಾಯಿತು. ನಲವತ್ತು ನಿಮಿಷದ ಪಾಠ ಇಪ್ಪತ್ತಾರನೆಯ ನಿಮಿಷಕ್ಕೆ ತೀರಿಕೊಂಡಿತು.

"ಮುಗೀತೇನೋ?" ಎಂದರು ಅಮ್ಮ.

"ಮುಗೀತಮ್ಮ. ಎಲ್ಲಾ ಮುಗೀತು."

ಸಂಜೆಯವರೆಗೆ ಮೇಷ್ಟ್ರು ಕೂತಲ್ಲಿಂದ ಏಳಲಿಲ್ಲ. ಯಾರಿಗೂ ಬೇಡದ ಪಾಠವಂತೆ. ಇರಲಿ, ನನಗೆ ಬೇಕಲ್ಲ! ಎಂಟು ಗಂಟೆಯಾದರೇನು, ಎಂಬತ್ನಾಲ್ಕು ಮಂದಿಯಾದರೇನು? ಇನ್ನು ಆ ಛತ್ರಿ ಹಿಡಿದು ಎಲ್ಲಿಗೆ ಹೋಗುವುದು? ಬೇಜಾರಿನಲ್ಲಿ ಅವರಿಗೆ ಅಳುವೇ ಬಂತು. ಅಮ್ಮನಿಗೆ ಕಾಣದ ಹಾಗೆ, ಸಿಕ್ಕಿದ ಟವಲ್ಲಿನಲ್ಲಿ ಕಣ್ಣೊರೆಸಿಕೊಂಡರು.

ಮೇಡಂ ಬಂದರು. ಕೂಗಾಡಲಿಲ್ಲ. ಅದೇ ಹೆಚ್ಚು ಭಯಂಕರವಾಗಿತ್ತು. ಚೀಲ ಇಟ್ಟು, ಕೈಕಾಲು ತೊಳೆದು, ರೆಕಾರ್ಡಿಂಗನ್ನು ಮೊದಲಿಂದ ಕೊನೆಯವರೆಗೆ ನೋಡಿದರು. ಎರಡನೆಯ ಕೊಠಡಿ ಬಂದಾಗ ಅವರ ತಲೆ ಕೊಂಚ ತಗ್ಗಿತು. ಆಮೇಲೆ ಗಂಡನ ಎದುರು ಕುರ್ಚಿ ಎಳೆದುಕೊಂಡು ಕೂತರು.

"ಮೊದಲನೇ ಮೆಚ್ಚುಗೆ. ಬಿಸಿಲಲ್ಲಿ ಕೂತಿರೋ ಹದಿನೈದು ಜನರ ಬಾಯಲ್ಲಿ ಮಳೆ ಅನ್ನಿಸಿದ್ರಿ. ನನ್ನ ಕೈಲಿ ಅದು ಆಗಲ್ಲ ರೀ. ಇದು ಕಿಟಕಿ ಪರದೆ ಮೆಚ್ಚುಗೆ ಅಲ್ಲ."

ಮೇಷ್ಟ್ರು ಕಕ್ಕಾಬಿಕ್ಕಿಯಾಗಿ ನೋಡಿದರು.

"ಎರಡನೇದು. ನೀವು ಹೇಳಿದ ಪಾಠ ನಂಗೆ ಸಮಯಕ್ಕೆ ಸರಿಯಾಗಿ ನೆನಪಾಯ್ತು. ನೀವು ಬೀಗ ಹಾಕಿ ಓಡಿದ ಮೇಲೂ ಅವಳು ಫೋನಲ್ಲೇ ಇದ್ಲು. 'ಗಾಬರಿ ಆಗ್ಬೇಡ ಕಣೇ, ಅದು ಒದ್ದೆ ಛತ್ರಿ' ಅಂದೆ. 'ಹೆಸರು ನೋಡಿ ನಾನೇ ಅಂದ್ಕೊಂಡ್ರಲ್ಲ, ಅದೇ ಇವತ್ತಿನ ಪಾಠ, ಬೇಕು ಅಂತಲೇ ಮಾಡಿದ್ದು' ಅಂದೆ. ಅವಳು ಉಳಿದವರಿಗೂ ಹೇಳಿದ್ಲು, ಎಲ್ಲರೂ ನಂಬಿದ್ರು. ಪಾಠ ಅಷ್ಟಕ್ಕೇ ನಿಲ್ಲಿಸಿದ್ದೂ ಅದಕ್ಕೇ ಅಂತ ವರದಿ ಬರೆದು, ಸಹಿ ಹಾಕಿ ಕಳಿಸ್ತೀನಿ."

"ಕ... ಕಳಿಸ್ತೀಯಾ?"

"ಹೂಂ. ಇನ್ನು ಸಲಹೆ." ಅವರು ಗಂಡನ ಕೈಯಲ್ಲಿದ್ದದ್ದನ್ನು ತೋರಿಸಿದರು. "ಟವಲ್ಲು."

ಆ ವಾರಾಂತ್ಯ ಮೇಷ್ಟ್ರು ಟವಲ್ಲನ್ನು ತಾವೇ ಹಗ್ಗದ ಮೇಲೆ ಒಣಹಾಕಿದರು. ಎರಡು ಸಲ ಕ್ಲಿಪ್ಪನ್ನೂ ಹಾಕಿದರು. ಬೀರು ತೆರೆದು ಟಿಪ್ಪಣಿಗಳ ಧೂಳು ಕೊಡವಿ, ಮೊದಲ ಪುಟವನ್ನು ಗಟ್ಟಿಯಾಗಿ ಅಮ್ಮನಿಗೆ ಓದಿ ಹೇಳಿದರು.

ಸೋಮವಾರ ವಿಶ್ವವಿದ್ಯಾಲಯದಿಂದ ಪತ್ರ ಬಂತು. ಮೇಷ್ಟ್ರು ನಿಂತುಕೊಂಡೇ ಓದಿದರು.

'ತಮ್ಮ ತರಬೇತುದಾರರ ವರದಿಯನ್ನು ಓದಿ ಅತೀವ ಹರ್ಷವಾಗಿದೆ. ಹಿರಿಯ ವಿದ್ವಾಂಸರನ್ನೇ ಭ್ರಮೆಗೆ ಕೆಡವಿ ತರ್ಕದೋಷವನ್ನು ಪ್ರತ್ಯಕ್ಷ ಅನುಭವಕ್ಕೆ ತಂದ ತಮ್ಮ ಬೋಧನಾಕ್ರಮ ಅನನ್ಯವಾದುದು. ಇಂಥ ಪ್ರತಿಭೆ ಕೇವಲ ಪ್ರಥಮ ವರ್ಷದ ಮಕ್ಕಳಿಗೆ ಸೀಮಿತವಾಗುವುದು ತರವಲ್ಲ. ಆದ್ದರಿಂದ...'

ಆ ಪದದ ಹತ್ತಿರ ಮೇಷ್ಟ್ರ ಕಣ್ಣು ಕತ್ತಲಿಟ್ಟಿತು. ಉಳಿದದ್ದನ್ನು ಮೇಡಂ ಓದಬೇಕಾಯಿತು. "'...ತಮ್ಮನ್ನು ಸದರಿ ಪಾಠದಿಂದ ಬಿಡುಗಡೆಗೊಳಿಸಿ, ಸಮಸ್ತ ಅಧ್ಯಾಪಕರ ತರಬೇತಿಗೆ ನೇಮಿಸಲಾಗಿದೆ. ಪ್ರಥಮ ವರ್ಷದ ತರ್ಕವನ್ನು ವಿಭಾಗದ ಇನ್ನೊಬ್ಬರಿಗೆ ವಹಿಸಲಾಗಿದೆ.'" ಓದುತ್ತಾ ಓದುತ್ತಾ ಅವರ ದನಿಯೂ ಇಳಿಯಿತು. "ಏನ್ರೀ... ನಾನು ಸ್ವಲ್ಪ ಜಾಸ್ತಿ ಬರೆದುಬಿಟ್ನಾ?"

ಇಪ್ಪತ್ತಾರು ವರ್ಷದಲ್ಲಿ ಹೆಂಡತಿ ತನ್ನ ತಪ್ಪು ಒಪ್ಪಿಕೊಂಡದ್ದು ಇದೇ ಮೊದಲು. ಅದನ್ನು ಅನುಭವಿಸುವ ತ್ರಾಣ ಮೇಷ್ಟ್ರಲ್ಲಿ ಉಳಿದಿರಲಿಲ್ಲ.

ಬುಧವಾರ ಅವರ ಮೊದಲ ತರಬೇತಿ ಶುರುವಾಯಿತು. ಪರದೆಯಲ್ಲಿ ಗಡ್ಡದ ಲೆಕ್ಚರರ್ ಕಾಣಿಸಿಕೊಂಡರು. ಎರಡು ದಿನದಿಂದ ನಿದ್ದೆಗೆಟ್ಟ ಮುಖ, ಕೈಯಲ್ಲಿ ಅಂಗಡಿಯ ಚೀಟಿ ಇನ್ನೂ ಕಿತ್ತಿರದ ಹೊಸ ಛತ್ರಿ.

"ಸಾರ್," ಎಂದರು ಅವರು ದೀನರಾಗಿ, "ಇದನ್ನ ಎಷ್ಟು ಒದ್ದೆ ಮಾಡ್ಬೇಕು?"

ಮೇಷ್ಟ್ರಿಗೆ ಹೇಳಬೇಕೆನಿಸಿದ್ದು ನೂರಿತ್ತು. ಆದರೆ ಹಿಂದೆ ಕೈಪಿಡಿ ಹಿಡಿದು ಹೆಂಡತಿ ನಿಂತಿದ್ದರು, ಅವರ ಹಿಂದೆ ಸೋಫಾದಿಂದ ಅಮ್ಮ ಕತ್ತು ಚಾಚಿದ್ದರು. ಮೊದಲು ಎರಡು ಮೆಚ್ಚುಗೆ. ಮೇಷ್ಟ್ರು ಆ ಮುಖವನ್ನು ನೋಡಿದರು, ಗಡ್ಡವನ್ನು ನೋಡಿದರು, ಛತ್ರಿಯನ್ನು ನೋಡಿದರು. ಇಡೀ ಒಂದು ನಿಮಿಷ ಹುಡುಕಿದರು.

"ನಿಮ್ಮ ಹಿಂದಿರೋ ಕಿಟಕಿ ಪರದೆ," ಎಂದರು ಕೊನೆಗೆ, "ಬಹಳ ಚೆನ್ನಾಗಿದೆ."

ಗಡ್ಡದವರ ಮುಖ ಅರಳಿತು. ಅವರು ಛತ್ರಿಯನ್ನು ಪಕ್ಕಕ್ಕಿಟ್ಟು, ಡೈರಿ ತೆಗೆದು, ಅದನ್ನು ಬರೆದುಕೊಂಡರು.